ಇರುವೆ ಗೂಡಿನಲ್ಲಿ ಬೆಳೆಯುವ ಪಾತರಗಿತ್ತಿ



ಚಿಟ್ಟೆ ಅಂದಕೂಡಲೇ ನಿಮಗೆ ಹೂವು, ಮಕರಂದ ನೆನಪಾಗುತ್ತವೆ, ಅಲ್ಲವೇ? ಆದರೆ ಯುರೋಪಿನ ಹುಲ್ಲುಗಾವಲುಗಳಲ್ಲಿ ‘ಲಾರ್ಜ್ ಬ್ಲೂ’ ಎಂಬ ನೀಲಿ ಚಿಟ್ಟೆಯೊಂದಿದೆ. ಅದು ಬದುಕಿನ ಬಹುಪಾಲನ್ನು ಕಳೆಯುವುದು ನೆಲದಡಿಯ ಇರುವೆ ಗೂಡಿನಲ್ಲಿ!

ಬ್ರಿಟನ್ನಿನಲ್ಲಿ ಜೂನ್-ಜುಲೈ ಬಂತೆಂದರೆ ಹೆಣ್ಣು ಚಿಟ್ಟೆ ಥೈಮ್ ಎಂಬ ಸುವಾಸನೆಯ ಪುಟ್ಟ ಗಿಡದ ಮೊಗ್ಗುಗಳ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು 2-3 ವಾರ ಆ ಹೂಗಳನ್ನೇ ತಿಂದು, ಒಂದು ಸಂಜೆ ನೆಲಕ್ಕೆ ಬೀಳುತ್ತದೆ. ಆಗ ಅದರ ಉದ್ದ ಕೆಲವೇ ಮಿಲಿಮೀಟರ್. ಅದರ ಮೈಯಿಂದ ಜಿನುಗುವ ಸಿಹಿ ದ್ರವಕ್ಕೆ ಕೆಂಪಿರುವೆ ಮರುಳಾಗುತ್ತದೆ. ವಾಸನೆಯಿಂದ ಮೋಸಹೋಗಿ, ತನ್ನದೇ ಮರಿಯೆಂದು ಗೂಡಿಗೆ ಹೊತ್ತೊಯ್ಯುತ್ತದೆ. ಕರೆತಂದವರಿಗೇ ಕೇಡು! ಅತಿಥಿ ಅಲ್ಲಿ ಸುಮಾರು 10 ತಿಂಗಳು ಇರುವೆಯ ಮರಿಗಳನ್ನೇ ತಿಂದು ಕೊಬ್ಬುತ್ತದೆ. ಗೂಡಿನಲ್ಲೇ ಕೋಶ ಕಟ್ಟಿಕೊಂಡು, ಮುಂದಿನ ಬೇಸಿಗೆಯಲ್ಲಿ ಚಿಟ್ಟೆಯಾಗಿ ಹೊರಗೆ ತೆವಳಿ ಬಂದು ರೆಕ್ಕೆ ಬಿಚ್ಚುತ್ತದೆ. ಹಾರಾಡುವ ಭಾಗ್ಯ ಕೆಲವೇ ದಿನಗಳದ್ದು.

ಇಂಥ ಚಿಟ್ಟೆ 1979ರಲ್ಲಿ ಬ್ರಿಟನ್ನಿನಿಂದ ಪೂರ್ತಿ ಮಾಯವಾಯಿತು. ಚಿಟ್ಟೆ ಸಂಗ್ರಹಿಸುವವರೇ ಕಾರಣ ಎಂದು ಬಹುಕಾಲ ನಂಬಿದ್ದರು. ನಿಜವಾದ ಕಾರಣ ಕಂಡುಹಿಡಿದವರು ವಿಜ್ಞಾನಿ ಜೆರೆಮಿ ಥಾಮಸ್. ಈ ಮರಿಹುಳು ಚೆನ್ನಾಗಿ ಬದುಕಲು ‘ಮಿರ್ಮಿಕಾ ಸಬುಲೆಟಿ’ ಎಂಬ ಒಂದೇ ಜಾತಿಯ ಕೆಂಪಿರುವೆ ಬೇಕು. ಆ ಇರುವೆಗೋ ಬೆಚ್ಚನೆಯ ನೆಲ ಬೇಕು. 1950ರ ದಶಕದಲ್ಲಿ ರೋಗ ಬಂದು ಮೊಲಗಳು ಸತ್ತವು, ದನ-ಕುರಿ ಮೇಯಿಸುವುದೂ ಕಡಿಮೆಯಾಯಿತು. ಹುಲ್ಲು ಎತ್ತರಕ್ಕೆ ಬೆಳೆಯಿತು, ನೆಲ ತಂಪಾಯಿತು. ಇರುವೆ ಹೋಯಿತು, ಹಿಂದೆಯೇ ಚಿಟ್ಟೆಯೂ ಹೋಯಿತು.

ಕಾರಣ ತಿಳಿದ ಮೇಲೆ ಗುಡ್ಡಗಳಿಗೆ ಮತ್ತೆ ದನಗಳನ್ನು ಬಿಟ್ಟರು, ಪೊದೆಗಳನ್ನು ಕಡಿದರು. 1980ರ ದಶಕದಲ್ಲಿ ಸ್ವೀಡನ್‌ನಿಂದ ಇದೇ ಜಾತಿಯ ಚಿಟ್ಟೆಗಳ ಸಂತತಿಯನ್ನು ತಂದು ಬಿಟ್ಟರು. ಇಂದು ಸಾಮರ್‌ಸೆಟ್ ಪ್ರಾಂತದ ಇಳಿಜಾರುಗಳಲ್ಲಿ ಬೇಸಿಗೆ ಬಂದರೆ ನೀಲಿ ರೆಕ್ಕೆಗಳು ಕಾಣುತ್ತವೆ.

ಇದರಲ್ಲಿ ನಮಗೂ ಒಂದು ಪಾಠವಿದೆ. ಬೇಲಿ ಹಾಕಿ, ಯಾರೂ ಮುಟ್ಟದಂತೆ ಬಿಟ್ಟುಬಿಟ್ಟರೆ ಪ್ರಕೃತಿ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಈ ಚಿಟ್ಟೆಯ ಮಟ್ಟಿಗೆ ದನ ಮೇಯಿಸುವವನೇ ರಕ್ಷಕ. ಯಾವ ಜೀವವನ್ನು ಉಳಿಸಬೇಕೋ, ಅದು ಯಾರನ್ನು ನಂಬಿ ಬದುಕಿದೆ ಎಂಬುದನ್ನು ಮೊದಲು ತಿಳಿಯಬೇಕು.

ಮುಂದಿನ ಸಲ ಪುಟ್ಟ ನೀಲಿ ಚಿಟ್ಟೆಯೊಂದು ನಿಮ್ಮ ಕಣ್ಣಿಗೆ ಬಿದ್ದರೆ, ಅದರ ಕೆಳಗಿನ ನೆಲವನ್ನೂ ಒಮ್ಮೆ ನೋಡಿ.