ಕೋಟದ ಕಾರಂತರ ಮೂಕಿಚಿತ್ರಗಳು

ಡಾ. ಕೋಟ ಶಿವರಾಮ ಕಾರಂತರೆಂದರೆ ನಮ್ಮ ವಿದ್ಯಾರ್ಥಿಗಳಿಗೆ ‘ಚೋಮನ ದುಡಿ’ ನೆನಪಾಗುತ್ತದೆ, ‘ಮೂಕಜ್ಜಿಯ ಕನಸುಗಳು’ ನೆನಪಾಗುತ್ತದೆ, 1977ರ ಜ್ಞಾನಪೀಠ ಪ್ರಶಸ್ತಿ ನೆನಪಾಗುತ್ತದೆ. ಯಕ್ಷಗಾನದ ಕೆಲಸವನ್ನು ಹಿರಿಯರು ನೆನಪಿಸಿಯಾರು. ಆದರೆ ಕುಂದಾಪುರದಿಂದ ತೆಂಕಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ, ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಈ ಮನುಷ್ಯ, ಮೂವತ್ತು ತುಂಬುವ ಮೊದಲೇ ಎರಡು ಮೂಕಿಚಿತ್ರಗಳನ್ನು ತೆಗೆದಿದ್ದರು ಎಂದರೆ ಹೆಚ್ಚಿನವರು ಹೌದೇ ಎಂದು ಹುಬ್ಬೇರಿಸುತ್ತಾರೆ.

ಹೌದು. ಮೊದಲನೆಯದು 1930ರ ‘ಡೊಮಿಂಗೊ’, ಎರಡನೆಯದು 1931ರ ‘ಭೂತರಾಜ್ಯ’. ಹೆಸರುಗಳಲ್ಲೇ ಕರಾವಳಿಯ ವಾಸನೆ ಇದೆ. ಒಂದು ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕೇಳಿಬರುವ ಹೆಸರು. ಇನ್ನೊಂದು, ಊರೂರಿನ ಭೂತಸ್ಥಾನಗಳನ್ನು ನೋಡುತ್ತ ಬೆಳೆದವರಿಗೆ ವಿವರಿಸಬೇಕಾದ್ದೇ ಇಲ್ಲ.

ಅಂದಿನ ಚಿತ್ರೀಕರಣ ಹೇಗಿತ್ತೆಂಬುದನ್ನು ಮಕ್ಕಳು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಕ್ಯಾಮೆರಾಕ್ಕೆ ಮೋಟಾರಿನ ಬದಲು ಕೈಯಿಂದ ತಿರುಗಿಸುವ ಹಿಡಿ. ಒಂದು ಸುತ್ತಿಗೆ 8 ಚಿತ್ರಗಳು ದಾಖಲಾಗುತ್ತಿದ್ದವು. ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಚಿತ್ರ. 35 ಮಿಲಿಮೀಟರ್ ಅಗಲದ ಫಿಲ್ಮಿನ ಒಂದು ಅಡಿಯಲ್ಲಿ ಹಿಡಿಯುವುದೂ 16 ಚಿತ್ರಗಳೇ. ಸಾವಿರ ಅಡಿಯ ಒಂದು ಸುರುಳಿ ಎಷ್ಟು ಹೊತ್ತು ಓಡೀತು? ಹದಿನೇಳು ನಿಮಿಷಕ್ಕೂ ಒಂದಿಷ್ಟು ಕಡಿಮೆ. ಮುಂದೆ ವಾಕ್ಚಿತ್ರ ಬಂದಾಗ ಈ ವೇಗ ಸೆಕೆಂಡಿಗೆ 24ಕ್ಕೆ ಏರಿತು. ಹಳೆಯ ಚಿತ್ರವನ್ನು ಹೊಸ ಯಂತ್ರದಲ್ಲಿ ಓಡಿಸಿದರೆ ಪಾತ್ರಗಳು ಒಂದೂವರೆ ಪಟ್ಟು ಅವಸರದಲ್ಲಿ ಓಡಾಡುವುದು ಇದರಿಂದಲೇ. ಮೂಕಿಚಿತ್ರದವರು ಗಡಿಬಿಡಿಯ ಜನ ಎಂದು ನಗುವುದು ಅವರಿಗೆ ಮಾಡುವ ಅನ್ಯಾಯ!

ಮಾತಿಲ್ಲದ ಚಿತ್ರವೆಂದರೆ ಪ್ರದರ್ಶನವೂ ಸದ್ದಿಲ್ಲದ್ದು ಎಂದಲ್ಲ. ಪರದೆಯ ಬದಿಯಲ್ಲಿ ಹಾರ್ಮೋನಿಯಂ, ತಬಲಾ ನುಡಿಯುತ್ತಿದ್ದವು. ನಡುನಡುವೆ ಬರುವ ಬರಹದ ಫಲಕಗಳನ್ನು ಓದಲಾರದವರಿಗಾಗಿ ಒಬ್ಬಾತ ಕಥೆ ಹೇಳುತ್ತಿದ್ದದ್ದೂ ಉಂಟು. ಹಾರಾಡಿ, ಮಟಪಾಡಿಯ ಆಟ ಕಂಡ ಊರಿನವರಿಗೆ ಇದು ಹೊಸತೆನಿಸಿರಲಾರದು. ಭಾಗವತರಿಲ್ಲದೆ ಆಟ ಎಲ್ಲಿಯದು?

ಕಾರಂತರ ಚಿತ್ರಗಳಿಗೆ ಕಾಲ ಅನುಕೂಲವಾಗಿರಲಿಲ್ಲ. ‘ಭೂತರಾಜ್ಯ’ದ ವರ್ಷವೇ, 1931ರ ಮಾರ್ಚ್ 14ರಂದು, ಮುಂಬಯಿಯಲ್ಲಿ ‘ಆಲಂ ಆರಾ’ ಮಾತಾಡಿತು. 1934ರಲ್ಲಿ ‘ಸತಿ ಸುಲೋಚನಾ’ದ ಮೂಲಕ ಪರದೆಯ ಮೇಲೆ ಕನ್ನಡವೂ ಕೇಳಿಸಿತು. ಮಾತಾಡುವ ಚಿತ್ರ ಕಂಡ ಮೇಲೆ ಮೂಕಿಯನ್ನು ದುಡ್ಡು ಕೊಟ್ಟು ನೋಡುವವರು ಯಾರು? ನೋಡುವವರಿಲ್ಲದ ಸುರುಳಿಗಳನ್ನು ಕಾಪಾಡುವವರೂ ಇರಲಿಲ್ಲ. ಫಿಲ್ಮಿನ ಲೇಪದಲ್ಲಿರುವ ಬೆಳ್ಳಿಯ ಆಸೆಗೆ ಅವನ್ನು ಕರಗಿಸಿದ್ದೂ ಉಂಟು. ಭಾರತದಲ್ಲಿ ತಯಾರಾದ ಮೂಕಿಚಿತ್ರಗಳು 1300ರಷ್ಟು ಎನ್ನುತ್ತಾರೆ, ಉಳಿದಿರುವುದು ಬೆರಳೆಣಿಕೆಯಷ್ಟು. ಆ ಪಟ್ಟಿಯಲ್ಲಿ ‘ಡೊಮಿಂಗೊ’ ಇಲ್ಲ, ‘ಭೂತರಾಜ್ಯ’ವೂ ಇಲ್ಲ.

ತಪ್ಪು ಮನುಷ್ಯರದು ಮಾತ್ರವಲ್ಲ, ರಸಾಯನದ್ದೂ ಇದೆ. ಆಗಿನ ಫಿಲ್ಮಿನ ಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು. ಬಂದೂಕಿನ ಸಿಡಿಹತ್ತಿಯ ಹತ್ತಿರದ ಸಂಬಂಧಿ. ಸೆಕೆ, ತೇವ ತಗಲಿದರೆ ತನ್ನಿಂದ ತಾನೇ ಕೊಳೆಯತೊಡಗುತ್ತದೆ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಅಂಟಾಗುತ್ತದೆ, ಕೊನೆಗೆ ಕಂದುಬಣ್ಣದ ಪುಡಿ. ಆಟಿಯ ಮಳೆಗೆ ಹಪ್ಪಳವೂ ಮೆತ್ತಗಾಗುವ ನಮ್ಮ ಕರಾವಳಿಯಲ್ಲಿ ಇದರ ಗತಿ ಏನಾದೀತು? ಬೆಂಕಿ ಹತ್ತಿತೋ, ಉರಿಯಲು ಬೇಕಾದ ಆಮ್ಲಜನಕವನ್ನು ಅದೇ ಒದಗಿಸಿಕೊಳ್ಳುತ್ತದೆ. ನೀರು ಹೊಯ್ದರೂ ಆರದು. ಇಂಥ ಚಿತ್ರಗಳನ್ನು ಉಳಿಸಲೆಂದೇ 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಸುರುಳಿಗಳೂ 2003ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾದವು.

ಅತ್ತ ಅಮೆರಿಕೆಯ ಎಡ್ವಿನ್ ಪೋರ್ಟರ್ 1903ರಲ್ಲಿ ತೆಗೆದ ರೈಲು ದರೋಡೆಯ ಹನ್ನೆರಡು ನಿಮಿಷದ ಚಿತ್ರ ‘ದಿ ಗ್ರೇಟ್ ಟ್ರೇನ್ ರಾಬರಿ’ ಇಂದಿಗೂ ನೋಡಸಿಗುತ್ತದೆ. ದರೋಡೆಕೋರನೊಬ್ಬ ನೋಡುಗರತ್ತಲೇ ಪಿಸ್ತೂಲು ಹಾರಿಸುವ ದೃಶ್ಯವಿರುವುದು ಇದರಲ್ಲೇ. ಆ ದೇಶದಲ್ಲಿ 1912ರವರೆಗೆ ಚಲನಚಿತ್ರಕ್ಕೆ ಹಕ್ಕುಸ್ವಾಮ್ಯದ ಕಾನೂನು ಬೇರೆ ಇರಲಿಲ್ಲ. ಹಾಗಾಗಿ ತಯಾರಕರು ಚಿತ್ರಗಳನ್ನೆಲ್ಲ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಮುದ್ರಿಸಿ, ಛಾಯಾಚಿತ್ರವೆಂದು ಸರಕಾರಿ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದರು. ಫಿಲ್ಮು ಕೊಳೆತರೂ ಕಾಗದ ಉಳಿಯಿತು. 3000ಕ್ಕೂ ಹೆಚ್ಚು ಚಿತ್ರಗಳು ಹೀಗೆ ಬದುಕಿಕೊಂಡವು.

ಕಾರಂತರು ಆಮೇಲೆ ಕಾಗದವನ್ನೇ ನೆಚ್ಚಿದರು ಎನ್ನಬೇಕು. ಮಕ್ಕಳಿಗಾಗಿ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ ಬರೆದರು. ಆದರೂ ಕ್ಯಾಮೆರಾದ ಹುಚ್ಚು ಪೂರ್ತಿ ಬಿಡಲಿಲ್ಲ: ‘ಕುಡಿಯರ ಕೂಸು’ ಕಾದಂಬರಿಯನ್ನು 1970ರ ದಶಕದಲ್ಲಿ ‘ಮಲೆಯ ಮಕ್ಕಳು’ ಎಂದು ತಾವೇ ನಿರ್ದೇಶಿಸಿದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಳೆಯ ಮನೆಗಳಿಗೂ ಅಟ್ಟದ ಪೆಟ್ಟಿಗೆಗಳಿಗೂ ಬರವಿಲ್ಲ. ಎಲ್ಲಾದರೂ ತುಕ್ಕು ಹಿಡಿದ ದುಂಡನೆಯ ಡಬ್ಬಿಯಲ್ಲಿ ಫಿಲ್ಮು ಸಿಕ್ಕಿದರೆ ಗುಜರಿಗೆ ಕೊಡಬೇಡಿ. ದೀಪ, ಒಲೆಯ ಹತ್ತಿರ ಒಯ್ಯಬೇಡಿ, ಬಿಸಿಲಿಗೂ ಇಡಬೇಡಿ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳು ಕಾಣದಿದ್ದರೆ ನೈಟ್ರೇಟ್ ಇದ್ದೀತೆಂದೇ ತಿಳಿದು, ಗಾಳಿಯಾಡುವ ತಂಪು ಜಾಗದಲ್ಲಿಟ್ಟು, ಪುಣೆಯ ಸಂಗ್ರಹಾಲಯಕ್ಕೊಂದು ಪತ್ರ ಬರೆಯಿರಿ.