ನಿದ್ದೆಗಣ್ಣಿಗೆ ಪುದೀನದ ಘಾಟು

ಬೆಳಗಿನ ಜಾವ ನಾಲ್ಕರ ಹೊತ್ತು. ಚಿತ್ರದುರ್ಗ ದಾಟಿ ಬೆಂಗಳೂರಿನತ್ತ ಹೊರಟಿದ್ದೆವು. ಭಾವ ಕಾರನ್ನು ಬದಿಗೆ ಹಾಕಿ, ಜೇಬಿನಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದರು. ಮೂಗಿನ ಕೆಳಗೆ ಸವರಿಕೊಂಡಿದ್ದೇ ತಡ, ಕಣ್ಣಲ್ಲಿ ನೀರಾಡಿತು. ‘ನಿದ್ದೆ ಹಾರಿಹೋಯ್ತು ನೋಡು’ ಎಂದರು. ಕಾಲು ಗಂಟೆ ಕಳೆದಿರಲಿಲ್ಲ, ಮತ್ತೆ ಆಕಳಿಕೆ.

ಕನ್ನಡದಲ್ಲಿ ಪರಿಮಳವೇ ಬೇರೆ, ಘಾಟೇ ಬೇರೆ. ದೇಹದೊಳಗೂ ಅವುಗಳ ದಾರಿ ಬೇರೆ. ಡ್ಯಾಶ್‌ಬೋರ್ಡಿನ ದೇವರಿಗೆ ಮುಡಿಸಿದ ಮಲ್ಲಿಗೆಯ ಪರಿಮಳ ಮಿದುಳು ಸೇರುವುದು ಘ್ರಾಣ ನರದ ಮೂಲಕ. ಘಾಟನ್ನು ಹಿಡಿಯುವುದು ಮುಖದ ತುಂಬ ಹರಡಿರುವ ಟ್ರೈಜೆಮಿನಲ್ ನರ. ಉರಿ, ತಂಪು, ನೋವು ತಿಳಿಸುವುದೂ ಅದೇ. ಒಗ್ಗರಣೆಯ ಮೆಣಸಿನಕಾಯಿ ಸೀದರೆ ಮೂಗು, ಕಣ್ಣು ಎರಡೂ ಉರಿಯುವುದು ಅದರಿಂದಲೇ. ಪುದೀನದ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆಯ ಮೆಂಥಾಲ್ ಎರಡೂ ದಾರಿ ಹಿಡಿಯುತ್ತದೆ. ವಾಸನೆಯ ಜೊತೆಗೇ ತಂಪು ಗುರುತಿಸುವ ನರತುದಿಗಳನ್ನೂ ಕೆಣಕುತ್ತದೆ.

2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪ್ರಯೋಗಾಲಯದ ಅಣಕು ಚಾಲನೆಯ ವೇಳೆ ಪೆಪ್ಪರ್‌ಮಿಂಟ್, ದಾಲ್ಚಿನ್ನಿಗಳ ವಾಸನೆಯಿಂದ ಎಚ್ಚರ ಹೆಚ್ಚಿತ್ತು, ಕಿರಿಕಿರಿ ತಗ್ಗಿತ್ತು. ಆದರೆ ನಿದ್ದೆ ಆಳಕ್ಕಿಳಿದ ಮೇಲೆ ಪೆಪ್ಪರ್‌ಮಿಂಟ್ ವಾಸನೆ ಮನುಷ್ಯನನ್ನು ಎಬ್ಬಿಸದು ಎಂದು 2004ರ ಇನ್ನೊಂದು ಪ್ರಯೋಗ ತೋರಿಸಿತು. ಕಿವಿ ಕೇಳದವರಿಗೆ ಬೆಂಕಿಯ ಎಚ್ಚರಿಕೆ ಕೊಡುವ ಯಂತ್ರಕ್ಕೆ ಜಪಾನಿನವರು ವಾಸಾಬಿ ಎಂಬ ಖಾರದ ಬೇರಿನ ಘಾಟನ್ನು ಆರಿಸಿಕೊಂಡದ್ದು ಸುಮ್ಮನಲ್ಲ. ಸಾಸಿವೆ ಅರೆದಾಗ ಮೂಗಿಗೇರುವುದೂ ಅದೇ ರಾಸಾಯನಿಕ.

ಮೂಗು ಯಾವ ವಾಸನೆಗೂ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಹಾಗಾಗಿ ಕನ್ನಡಿಗೆ ತೂಗುಹಾಕಿದ ಸುಗಂಧದ ಬಿಲ್ಲೆಯನ್ನು ಎಚ್ಚರಕ್ಕೆಂದು ನಂಬಬೇಡಿ. ಹತ್ತಿಗೆ ಎರಡು ಹನಿ ಪೆಪ್ಪರ್‌ಮಿಂಟ್ ಎಣ್ಣೆ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗಾಡಿ ನಿಲ್ಲಿಸಿದಾಗ ತೆರೆದು ಎರಡು ಸಲ ಮೂಸಿ, ಮತ್ತೆ ಮುಚ್ಚಿ. ಕಣ್ಣಿನ ಹತ್ತಿರ ಸವರಲೇಬೇಡಿ, ನೀರು ತುಂಬಿದ ಕಣ್ಣಿಗೆ ರಸ್ತೆ ಕಾಣುವುದಿಲ್ಲ. ಕಾರಿನಲ್ಲಿ ಎಳೆಗೂಸಿದ್ದರೆ ಇದರ ಗೊಡವೆಯೇ ಬೇಡ. ಮೆಂಥಾಲ್, ಕರ್ಪೂರದ ಘಾಟು ಕೂಸಿನ ಉಸಿರಾಟಕ್ಕೆ ಅಪಾಯ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಸುಮಾರು 110 ಮೀಟರ್ ಹೇಳುವವರು ಕೇಳುವವರಿಲ್ಲದೆ ಓಡಿರುತ್ತದೆ. ಪುದೀನದ ಚುರುಕನ್ನು ಮುಂದಿನ ಪೆಟ್ರೋಲ್ ಬಂಕ್ ಮುಟ್ಟುವುದಕ್ಕಷ್ಟೇ ಬಳಸಿ. ಅಲ್ಲಿ ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗಿ. ಕಾಫಿ ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ಏಳುವ ಹೊತ್ತಿಗೆ ಅದೂ ಕೆಲಸ ಶುರು ಮಾಡುವುದರಲ್ಲಿರುತ್ತದೆ.

ಹಿರಿಯೂರಿಗೆ ಮುಂಚೆಯೇ ನಮಗೊಂದು ಬಂಕ್ ಸಿಕ್ಕಿತು. ಭಾವ ಸೀಟು ಹಿಂದಕ್ಕೊರಗಿಸಿ ಮಲಗಿದರು. ನಾನು ಗಡಿಯಾರ ನೋಡುತ್ತ ಕೂತೆ.