ಅಡಿಗೆಮನೆಯಲ್ಲಿ ಆಹಾರಕ್ಕೆ ಸೋಂಕು ತಗಲದಂತೆ ಕಾಪಾಡುವ ಕ್ರಮ

ಬೆಳೆಯನ್ನು ಕಣದವರೆಗೆ ಕಾಪಾಡುವುದರಲ್ಲಿ ಒಕ್ಕಲಿಗನು ತೋರುವ ಎಚ್ಚರವು, ಅದೇ ಬೆಳೆಯು ಒಲೆಯೇರಿ ಎಲೆಗೆ ಬರುವವರೆಗೂ ಇರತಕ್ಕದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ದನದ ಕೊಟ್ಟಿಗೆ, ಬೆಳೆಗೆ ಸಿಂಪಡಿಸುವ ಔಷಧಿ, ತಂಬಾಕಿನ ಹೊರೆ, ಜೋಳದ ಹಿಟ್ಟು ಇವು ಒಂದಕ್ಕೊಂದು ಸಮೀಪದಲ್ಲಿಯೇ ಇರುವುದುಂಟು. ಆದಕಾರಣ ಒಂದರ ದೋಷವು ಮತ್ತೊಂದಕ್ಕೆ ಸುಲಭವಾಗಿ ತಗಲುತ್ತದೆ. ಅದು ಹೇಗೆ ತಗಲುವುದೆಂಬುದನ್ನೂ, ತಡೆಯುವ ಬಗೆಯನ್ನೂ ಇಲ್ಲಿ ವಿವರಿಸಿದೆ.

ಸೋಂಕು ಹರಡುವ ದಾರಿ

ಹಸಿ ಮಾಂಸ, ತತ್ತಿಯ ಚಿಪ್ಪು, ಮಣ್ಣು ಹತ್ತಿದ ಕಾಯಿಪಲ್ಲೆ, ಸೆಗಣಿ ಇವುಗಳಲ್ಲಿ ಕಣ್ಣಿಗೆ ಕಾಣದ ರೋಗಜೀವಿಗಳು ಇರಬಹುದು. ಚೆನ್ನಾಗಿ ಬೇಯಿಸಿದರೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಆದರೆ ಕೋಳಿಯ ಮಾಂಸವನ್ನು ಕೊಯ್ದ ಈಳಿಗೆಯಲ್ಲಿಯೇ ಉಳ್ಳಾಗಡ್ಡಿ, ಸೌತೆಕಾಯಿಗಳನ್ನು ಹೆಚ್ಚಿದರೆ, ಇವು ಬೇಯದೆ ಎಲೆಗೆ ಬರುವ ಪದಾರ್ಥಗಳಾದುದರಿಂದ ಮಾಂಸದ ಸೋಂಕು ನೇರವಾಗಿ ಹೊಟ್ಟೆಯನ್ನು ಸೇರುತ್ತದೆ. ಮಾಂಸವು ಚೆನ್ನಾಗಿ ಬೆಂದಿದ್ದರೂ ಮನೆಮಂದಿಗೆ ವಾಂತಿಭೇದಿ ಏಕಾಯಿತೆಂದು ಸೋಜಿಗಪಡುವವರು ಈಳಿಗೆಯ ಕಡೆಗೂ ನೋಡಬೇಕು.

ಶಾಖವೂ ತೇವವೂ ಅನುಕೂಲವಾದರೆ ಇಂಥ ಜೀವಿಗಳಲ್ಲಿ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಂತೆ ಒಂದು ಜೀವಿಯು 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಜೀವಿಯ ಬೀಜಕಗಳು ಕುದಿಸಿದರೂ ಸಾಯವು. ಅನ್ನವನ್ನು ಬಹಳ ಹೊತ್ತು ಇಟ್ಟಾಗ ಅದು ಬಿಡುವ ವಿಷವು ಮತ್ತೆ ಕಾಯಿಸಿದರೂ ಹೋಗದು. ಆದುದರಿಂದ ತಂಗಳನ್ನು ಕಾಯಿಸಿದ ಮಾತ್ರಕ್ಕೆ ಅದು ನಿರ್ದೋಷವಾಯಿತೆಂದು ತಿಳಿಯಲಾಗದು.

ಔಷಧಿ ಮತ್ತು ತಂಬಾಕು

2013ನೆಯ ಇಸವಿಯ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಗಂಡಾಮನ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಮೃತರಾದರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವು ಇದ್ದುದು ಪರೀಕ್ಷೆಯಿಂದ ತಿಳಿದುಬಂತು. ಕಬ್ಬು, ದ್ರಾಕ್ಷಿ, ಕಾಯಿಪಲ್ಲೆಗಳಿಗೆ ಔಷಧಿ ಹೊಡೆಯುವ ನಮ್ಮ ರೈತರು ಇದನ್ನು ಮರೆಯಲಾಗದು. ಔಷಧಿಯ ಖಾಲಿ ಡಬ್ಬಿಯನ್ನು ಎಷ್ಟು ಸಲ ತೊಳೆದರೂ ಅದು ಎಣ್ಣೆ, ನೀರು, ಕಾಳುಗಳಿಗೆ ಯೋಗ್ಯವಾಗದು. ಔಷಧಿ ಲೇಪಿಸಿದ ಬಿತ್ತನೆಯ ಬೀಜ ಮಿಕ್ಕರೆ ಅದನ್ನು ಬೀಸಲೂಬಾರದು, ದನಕ್ಕೆ ಹಾಕಲೂಬಾರದು.

ನಿಪ್ಪಾಣಿಯ ಸೀಮೆಯು ಬೀಡಿ ತಂಬಾಕಿಗೆ ಹೆಸರಾದುದು. ತಂಬಾಕಿನಲ್ಲಿರುವ ನಿಕೋಟಿನ್ ವಿಷವು ಹಸಿ ಎಲೆಯಿಂದ ಚರ್ಮದ ಮೂಲಕವೂ ಮೈಸೇರುತ್ತದೆ. ಎಲೆ ಮುರಿದ ಕೈಯಿಂದಲೂ, ಪುಡಿ ಕೆದರಿದ ಕೈಯಿಂದಲೂ ರೊಟ್ಟಿಯ ಹಿಟ್ಟನ್ನು ನಾದತಕ್ಕದ್ದಲ್ಲ. ಸಾಬೂನಿನಿಂದ ಕೈ ತೊಳೆದು, ಸೀರೆ, ಅಂಗಿಗಳನ್ನು ಬದಲಿಸಿದ ಬಳಿಕವೇ ಒಲೆಯ ಬಳಿಗೆ ಹೋಗುವುದು ಉತ್ತಮ.

ನೆರೆಯ ಕಾಲದ ಎಚ್ಚರ

2005ರಲ್ಲಿಯೂ, 2019ರ ಆಗಸ್ಟಿನಲ್ಲಿಯೂ ಈ ಸೀಮೆಗೆ ನೆರೆ ಬಂದಿತು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೆರೆಯ ನೀರು ಹೊಕ್ಕ ಬಾವಿಯನ್ನು ಶುದ್ಧಿ ಮಾಡಿಸದೆ ಬಳಸಕೂಡದು. ಕುಡಿಯುವ ನೀರನ್ನು ಸೋಸಿ, ಮಳಮಳನೆ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಬೇಕು. ನೆನೆದು ಬೂಸಲು ಹಿಡಿದ ಜೋಳ, ಶೇಂಗಾಗಳನ್ನು ಹುರಿದರೂ ಅವುಗಳ ವಿಷವು ಪೂರ್ಣವಾಗಿ ಹೋಗದು. ಅವನ್ನು ಹೈನದ ದನಗಳಿಗೆ ಹಾಕಿದರೆ ವಿಷದ ಅಂಶವು ಹಾಲಿಗೂ ಇಳಿಯುತ್ತದೆ.

ಪಾಲಿಸತಕ್ಕ ನಿಯಮಗಳು

1. ಅಡಿಗೆಗೆ ಮೊದಲು, ಹಸಿ ಮಾಂಸ, ಸೆಗಣಿ ಮುಟ್ಟಿದ ಮೇಲೆ, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಬೇಕು.
2. ಹಸಿ ಮಾಂಸಕ್ಕೆ ಬೇರೆ ಈಳಿಗೆ ಇರಲಿ. ಇಲ್ಲವಾದರೆ ಕಾಯಿಪಲ್ಲೆಯನ್ನು ಮೊದಲು ಹೆಚ್ಚಿ, ಮಾಂಸವನ್ನು ಕೊನೆಗೆ ಕೊಯ್ದು, ಈಳಿಗೆಯನ್ನು ಸಾಬೂನು, ಬಿಸಿನೀರುಗಳಿಂದ ತೊಳೆಯಬೇಕು.
3. ಮಾಂಸ, ತತ್ತಿಗಳನ್ನು ಒಳಗಿನವರೆಗೂ ಬೇಯಿಸಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು.
4. ಬೇಯಿಸಿದ ಅಡಿಗೆಯನ್ನು 2 ಗಂಟೆಗಳೊಳಗೆ ಉಣ್ಣಬೇಕು, ಇಲ್ಲವೆ ಬಿಸಿಯಾರದಂತೆ ಇಡಬೇಕು, ಇಲ್ಲವೆ ತಣ್ಣನೆಯ ಪೆಟ್ಟಿಗೆಗೆ ಸೇರಿಸಬೇಕು.
5. ಔಷಧಿಯನ್ನು ಅಡಿಗೆಮನೆಯಿಂದ ದೂರ, ಮಕ್ಕಳಿಗೆ ನಿಲುಕದಂತೆ, ಬೀಗ ಹಾಕಿ ಇಡಬೇಕು.

ಊರ ಹಿರಿಯರ ಹೊಣೆ

ಜಾತ್ರೆ, ಮದುವೆ, ನೆರೆಯ ಆಸರೆ ಕೇಂದ್ರಗಳಲ್ಲಿ ಒಂದೇ ಕಡಾಯಿಯಿಂದ ನೂರಾರು ಜನರು ಉಣ್ಣುವರು. ಒಬ್ಬನ ಅಲಕ್ಷ್ಯದಿಂದ ಊರೇ ಹಾಸಿಗೆ ಹಿಡಿಯಬಹುದು. ಕೈಯಲ್ಲಿ ಕೀವುಗಾಯ ಉಳ್ಳವರನ್ನೂ ವಾಂತಿಭೇದಿಯಿಂದ ಬಳಲುವವರನ್ನೂ ಅಡಿಗೆಗೆ, ಬಡಿಸುವುದಕ್ಕೆ ಹಚ್ಚಕೂಡದು. ಕೈ ತೊಳೆಯಲು ನೀರು, ಸಾಬೂನುಗಳನ್ನು ಒಲೆಯ ಬಳಿಯಲ್ಲಿಯೇ ಇಡಿಸಬೇಕು. ಉಂಡವರಲ್ಲಿ ಹಲವರಿಗೆ ಒಮ್ಮೆಲೆ ವಾಂತಿಯಾದರೆ ಕೂಡಲೆ ಬಡಿಸುವುದನ್ನು ನಿಲ್ಲಿಸಿ, ರೋಗಿಗಳನ್ನು ದವಾಖಾನೆಗೆ ಸಾಗಿಸಿ, ಉಳಿದ ಅಡಿಗೆಯನ್ನು ಚೆಲ್ಲದೆ ಪರೀಕ್ಷೆಗಾಗಿ ಬೇರೆ ಇಡಿಸತಕ್ಕದ್ದು. ಈ ಕ್ರಮಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಹಿರಿಯರು ತಮ್ಮ ಮನೆಗಳಲ್ಲಿ ಮೊದಲು ನಡೆಸಿ ತೋರಿಸಿದರೆ ಊರು ತಾನಾಗಿ ಅನುಸರಿಸುವುದು.